ಹಸಿರು ಪುಡಿಯೊಳಗೆ ಕರೆಂಟಿನ ದಾರಿ



2003ರ ಡಿಸೆಂಬರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ 'ಬುಲೆಟಿನ್ ಆಫ್ ಮೆಟೀರಿಯಲ್ಸ್ ಸೈನ್ಸ್' ಪತ್ರಿಕೆಯಲ್ಲಿ ನಮ್ಮ ಕಲಬುರಗಿಯ ಒಂದು ಪ್ರಬಂಧ ಅಚ್ಚಾಯಿತು. ಬರೆದವರು ಎಸ್. ಸಿ. ರಾಘವೇಂದ್ರ, ಸೈಯದ್ ಖಾಸಿಮ್, ಎಂ. ರೇವಣಸಿದ್ದಪ್ಪ, ಎಂ. ವಿ. ಎನ್. ಅಂಬಿಕಾ ಪ್ರಸಾದ್ ಮತ್ತು ಎ. ಬಿ. ಕುಲಕರ್ಣಿ. ಪಾಲಿಅನಿಲಿನ್ ಎಂಬ ಪಾಲಿಮರಿಗೆ ಹಾರುಬೂದಿ ಬೆರೆಸಿದರೆ ಅದರಲ್ಲಿ ವಿದ್ಯುತ್ತು ಹೇಗೆ ಸಾಗುತ್ತದೆ ಎಂಬುದು ಅವರ ವಿಷಯ. ಹಾರುಬೂದಿ ಅಂದರೆ ಯಾವುದೋ ಅಪರೂಪದ ವಸ್ತುವಲ್ಲ. ಕಲ್ಲಿದ್ದಲು ಸುಟ್ಟು ಕರೆಂಟು ತೆಗೆಯುವ ರಾಯಚೂರಿನ ಶಕ್ತಿನಗರದಂಥ ಸ್ಥಾವರಗಳ ಹೊಗೆಯಿಂದ ಹಿಡಿದಿಡುವ ಬೂದಿ. ಸಿಮೆಂಟಿಗೆ ಬೆರೆಸುತ್ತಾರೆ, ಇಟ್ಟಿಗೆ ಮಾಡುತ್ತಾರೆ, ಮಿಕ್ಕಿದ್ದು ಗುಡ್ಡದಂತೆ ಬಿದ್ದಿರುತ್ತದೆ. ಅಂಥದ್ದನ್ನು ತಂದು ಕರೆಂಟು ಹರಿಸಬಲ್ಲ ಪ್ಲಾಸ್ಟಿಕ್ಕಿನ ಜೊತೆ ಬೆರೆಸಿ, ಮಾತ್ರೆ ಒತ್ತಿ, ಎರಡು ಕಡೆ ತಂತಿ ಹಚ್ಚಿ ಅಳೆದರು.

ಮೂರು ವರ್ಷದ ಮೇಲೆ, 2006ರಲ್ಲಿ, ನರಸಿಂಹ ಪಾರ್ವತಿಕರ್, ಅಂಬಿಕಾ ಪ್ರಸಾದ್ ಮತ್ತು ಅವರ ಜೊತೆಗಾರರ ಇನ್ನೊಂದು ಪ್ರಬಂಧ 'ಸೆನ್ಸರ್ಸ್ ಅಂಡ್ ಆಕ್ಚುಯೇಟರ್ಸ್' ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ಈ ಸಲ ಬೂದಿಯ ಜಾಗದಲ್ಲಿ ಟಂಗ್‌ಸ್ಟನ್ ಆಕ್ಸೈಡ್. ಅದು ಅರೆವಾಹಕ, ಅಂದರೆ ಸೆಮಿಕಂಡಕ್ಟರ್. ಪಾಲಿಮರ್ ಒಂದು ಕಡೆ, ಅರೆವಾಹಕದ ಸಣ್ಣ ಕಣಗಳು ಇನ್ನೊಂದು ಕಡೆ, ಎರಡರ ಬೆರಕೆಯಿಂದ ಗಾಳಿಯ ತೇವ ಗುರುತಿಸುವ ಸಾಧನ. ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಾಲಯಗಳು ಮೂವತ್ತು ವರ್ಷದಿಂದ ತಲೆಕೆಡಿಸಿಕೊಂಡಿರುವ ಪ್ರಶ್ನೆ ಇದೇ: ಇಂಥ ಬೆರಕೆಯೊಳಗೆ ವಿದ್ಯುದಾವೇಶ ಯಾವ ದಾರಿ ಹಿಡಿದು ಹೋಗುತ್ತದೆ? ಇವತ್ತಿನ ನನ್ನ ಮಾತು ಅದರ ಬಗ್ಗೆ.

ಮೊದಲು ಪಾಲಿಅನಿಲಿನ್ ತಯಾರಿಸುವ ಬಗೆ ಹೇಳುತ್ತೇನೆ. ನೋಡಲು ಚೆಂದ, ಅದಕ್ಕೇ ತುಸು ನಿಧಾನವಾಗಿ ಹೇಳುತ್ತೇನೆ. ಅನಿಲಿನ್ ಎಂಬುದು ಎಣ್ಣೆಯಂಥ ದ್ರವ, ಬಣ್ಣದ ಕಾರ್ಖಾನೆಗಳ ಹಳೆಯ ಕಚ್ಚಾ ಮಾಲು. ಅದನ್ನು ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಬೀಕರನ್ನು ಐಸಿನಲ್ಲಿ ಕೂಡಿಸಬೇಕು. ಶಾಖ ಸೊನ್ನೆಯಿಂದ ಐದು ಡಿಗ್ರಿಯೊಳಗೆ ಇರಬೇಕು. ಬೇಸಿಗೆಯಲ್ಲಿ ನಲವತ್ತೆರಡು ಡಿಗ್ರಿ ದಾಟುವ ನಮ್ಮೂರಲ್ಲಿ ಐಸು ಕರಗದಂತೆ ನೋಡಿಕೊಳ್ಳುವುದೇ ಅರ್ಧ ಕೆಲಸ. ಆಮೇಲೆ ಅಮೋನಿಯಂ ಪರ್‌ಸಲ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಕಲಕುತ್ತಿರಬೇಕು. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಬಳಿಕ ತಿಳಿಯಾಗಿದ್ದ ನೀರು ನೀಲಿಗೆ ತಿರುಗುತ್ತದೆ, ನೋಡನೋಡುತ್ತ ಕಡುಹಸಿರಾಗುತ್ತದೆ. ತಳದಲ್ಲಿ ಹಸಿರು ಗಸಿ. ಅದನ್ನು ಸೋಸಿ, ನೀರಿನಿಂದಲೂ ಅಸಿಟೋನಿನಿಂದಲೂ ತೊಳೆದು, ಒಣಗಿಸಿ, ಅಗೇಟ್ ಕಲ್ಲಿನ ಪುಟ್ಟ ಖಲ್ಬತ್ತಿನಲ್ಲಿ ಅರೆದರೆ ಪಾಲಿಅನಿಲಿನ್ ಪುಡಿ ಸಿದ್ಧ.

ಟಂಗ್‌ಸ್ಟನ್ ಆಕ್ಸೈಡ್ ಬೆರೆಸಬೇಕಾದರೆ ಈ ಪುಡಿಗೆ ಆಮೇಲೆ ಸೇರಿಸುವುದಿಲ್ಲ. ಪರ್‌ಸಲ್ಫೇಟ್ ಹನಿ ಬಿಡುವ ಮೊದಲೇ ಬೀಕರಿಗೆ ಹಾಕುತ್ತಾರೆ. ಪಾಲಿಮರ್ ಬೆಳೆಯುತ್ತಿರುವಾಗಲೇ ಒಂದೊಂದು ಕಣವನ್ನೂ ಸುತ್ತಿಕೊಳ್ಳಲಿ ಎಂದು. ಕಡೆಗೆ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಗುಳಿಗೆಯ ಗಾತ್ರದ ಬಿಲ್ಲೆ ಒತ್ತಿ, ಎರಡೂ ಮೈಗೆ ಬೆಳ್ಳಿಯ ಪೇಸ್ಟ್ ಬಳಿದು ಮಾಪಕಕ್ಕೆ ಜೋಡಿಸುತ್ತಾರೆ.

ಇದರಲ್ಲಿ ಒಂದು ತಮಾಷೆ ಇದೆ. ಆ ಹಸಿರು ಪುಡಿಯನ್ನು ಅಮೋನಿಯಾ ನೀರಿನಲ್ಲಿ ಅದ್ದಿದರೆ ನೀಲಿಯಾಗುತ್ತದೆ, ಮತ್ತೆ ಆಮ್ಲದಲ್ಲಿ ಅದ್ದಿದರೆ ಹಸಿರಾಗುತ್ತದೆ. ಹಸಿರು ಇರುವಾಗ ಕರೆಂಟು ಹರಿಯುತ್ತದೆ, ನೀಲಿ ಇರುವಾಗ ಹರಿಯುವುದಿಲ್ಲ ಅಂದರೂ ನಡೆದೀತು. ಎರಡರ ವಾಹಕತೆಯ ಅಂತರ ನೂರಾರು ಕೋಟಿ ಪಟ್ಟು. ಆಮ್ಲದ ಪ್ರೋಟಾನು ಪಾಲಿಮರಿನ ಸರಪಳಿಯ ಮೇಲೆ ಕೂತಾಗ ಅಲ್ಲೊಂದು ಎಲೆಕ್ಟ್ರಾನಿನ ಕೊರತೆ, ಒಂದು ಧನ ಆವೇಶ ಹುಟ್ಟುತ್ತದೆ. ಅದೇ ಸರಪಳಿಯುದ್ದಕ್ಕೂ ಓಡಾಡುವುದು. 1862ರಲ್ಲೇ ಲಂಡನ್ನಿನ ಹೆನ್ರಿ ಲೆಥೆಬಿ ಅನಿಲಿನಿನಿಂದ ಇಂಥ ಬಣ್ಣದ ವಸ್ತು ಮಾಡಿದ್ದ. ಅದು ವಿದ್ಯುತ್ ವಾಹಕವಾಗಿ ಜಗತ್ತಿನ ಗಮನ ಸೆಳೆಯಲು ನೂರು ವರ್ಷದ ಮೇಲೆ ಬೇಕಾಯಿತು. 1977ರಲ್ಲಿ ಶಿರಾಕಾವಾ, ಮ್ಯಾಕ್‌ಡೈರ್ಮಿಡ್, ಹೀಗರ್ ಮೂವರೂ ಪಾಲಿಅಸಿಟಿಲಿನ್ ಎಂಬ ಬೇರೊಂದು ಪಾಲಿಮರಿಗೆ ಅಯೋಡಿನ್ ತಾಕಿಸಿ ಅದರ ವಾಹಕತೆ ಲಕ್ಷಗಟ್ಟಲೆ ಪಟ್ಟು ಏರುವುದನ್ನು ತೋರಿಸಿದ ಮೇಲೆ ಈ ಕ್ಷೇತ್ರ ತೆರೆದುಕೊಂಡಿತು. 2000ದಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಪಾಲಿಅಸಿಟಿಲಿನ್ ಗಾಳಿಗೆ ಕೆಡುತ್ತದೆ. ಪಾಲಿಅನಿಲಿನ್ ಅಷ್ಟು ಬೇಗ ಕೆಡದು, ಅಗ್ಗ, ಐಸೂ ಬೀಕರೂ ಇದ್ದಲ್ಲಿ ಆಗುತ್ತದೆ. ನಮ್ಮಂಥ ವಿಶ್ವವಿದ್ಯಾಲಯಗಳ ಕೈಗೆ ಅದು ಸಿಕ್ಕಿದ್ದು ಹೀಗೆ.

ಈಗ ಕರೆಂಟಿನ ನಡಿಗೆಗೆ ಬರೋಣ. ತಾಮ್ರದ ತಂತಿಯಲ್ಲಿ ಎಲೆಕ್ಟ್ರಾನುಗಳು ಯಾವ ಒಂದು ಪರಮಾಣುವಿಗೂ ಸೇರಿದವಲ್ಲ, ಇಡೀ ಲೋಹದ ತುಂಬ ಹರಡಿಕೊಂಡಿರುತ್ತವೆ. ಸಿಲಿಕಾನ್ ಹರಳಿನಲ್ಲೂ ಪರಮಾಣುಗಳು ಸಾಲುಸಾಲಾಗಿ ಶಿಸ್ತಿನಿಂದ ಕೂತಿರುವುದರಿಂದ ಎಲೆಕ್ಟ್ರಾನಿಗೆ ಅಡೆತಡೆ ಕಡಿಮೆ. ಪಾಲಿಮರಿನಲ್ಲಿ ಆ ಶಿಸ್ತು ಇಲ್ಲ. ಉದ್ದುದ್ದ ಸರಪಳಿಗಳು ಗೋಜಲುಗೋಜಲಾಗಿ ಬಿದ್ದಿರುತ್ತವೆ. ಒಂದು ಸರಪಳಿಯ ಮೇಲೆ ಕೆಲವು ನ್ಯಾನೋಮೀಟರ್ ದೂರ ಆವೇಶ ಆರಾಮಾಗಿ ಹೋಗುತ್ತದೆ. ಆಮೇಲೆ ಸರಪಳಿ ತಿರುಚಿರುತ್ತದೆ, ತುಂಡಾಗಿರುತ್ತದೆ, ಇಲ್ಲವೆ ಪಕ್ಕದ ಸರಪಳಿಗೆ ದಾಟಬೇಕಾಗುತ್ತದೆ. ಅಲ್ಲಿ ಹರಿವು ನಿಲ್ಲುತ್ತದೆ, ಜಿಗಿತ ಶುರುವಾಗುತ್ತದೆ.

ಮಳೆಗಾಲದಲ್ಲಿ ಹಳ್ಳ ದಾಟುವುದನ್ನು ನೆನೆಸಿಕೊಳ್ಳಿ. ಸೇತುವೆ ಇದ್ದರೆ ನಡೆದುಬಿಡಬಹುದು, ಅದು ಲೋಹ. ಸೇತುವೆ ಇಲ್ಲದಲ್ಲಿ ನೀರಿನ ನಡುವೆ ತಲೆಯೆತ್ತಿದ ಕಲ್ಲಿನಿಂದ ಕಲ್ಲಿಗೆ ಜಿಗಿಯಬೇಕು. ಕಲ್ಲುಗಳ ನಡುವಿನ ದೂರವೂ ಒಂದೇ ಇಲ್ಲ, ಎತ್ತರವೂ ಒಂದೇ ಇಲ್ಲ. ಮೈಯಲ್ಲಿ ಕಸುವು ಇರುವಾಗ ಹತ್ತಿರದ ಕಲ್ಲು ಎತ್ತರದಲ್ಲಿದ್ದರೂ ಹಾರುತ್ತೇವೆ. ಕಸುವು ಕಡಿಮೆಯಾದಾಗ ಸ್ವಲ್ಪ ದೂರದ್ದಾದರೂ ಸಮ ಎತ್ತರದ ಕಲ್ಲನ್ನೇ ಆರಿಸಿಕೊಳ್ಳುತ್ತೇವೆ. ಎಲೆಕ್ಟ್ರಾನಿಗೆ ಕಸುವು ಅಂದರೆ ಶಾಖ. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ನೆವಿಲ್ ಮಾಟ್ ಮಾಡಿದ ಲೆಕ್ಕಾಚಾರ ಇದೇ: ತಂಪಾದಷ್ಟೂ ಆವೇಶವು ಹತ್ತಿರದ ಜಾಗ ಬಿಟ್ಟು, ಶಕ್ತಿಯಲ್ಲಿ ತನಗೆ ಸರಿಹೊಂದುವ ದೂರದ ಜಾಗ ಹುಡುಕುತ್ತದೆ. ವಾಹಕತೆ ಶಾಖದೊಂದಿಗೆ ಹೇಗೆ ಏರಬೇಕು ಎಂಬುದಕ್ಕೆ ಅವರು ಕೊಟ್ಟ ಸೂತ್ರವನ್ನು ಇವತ್ತಿಗೂ ಎಲ್ಲರೂ ಪಾಲಿಮರುಗಳಿಗೆ ಹಚ್ಚಿ ನೋಡುತ್ತಾರೆ. 1977ರ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡವರಲ್ಲಿ ಮಾಟ್ ಒಬ್ಬರು.

ಇದರ ಪುರಾವೆ ನೋಡಲು ದೊಡ್ಡ ಯಂತ್ರ ಬೇಕಿಲ್ಲ. ತಾಮ್ರದ ತಂತಿ ಬಿಸಿ ಮಾಡಿದರೆ ಅದರ ರೋಧ ಹೆಚ್ಚುತ್ತದೆ. ಈ ಹಸಿರು ಬಿಲ್ಲೆಯನ್ನು ಬಿಸಿ ಮಾಡಿದರೆ ರೋಧ ಇಳಿಯುತ್ತದೆ. ಜಿಗಿಯುವವನಿಗೆ ಬಿಸಿ ನೆರವಾಗುತ್ತದೆ, ಅಡ್ಡಿ ಆಗುವುದಿಲ್ಲ. ಆದರೆ ನಿಧಾನ ಎಷ್ಟು ಅಂತೀರಿ? ಪಾಲಿಮರ್ ಸೌರಕೋಶಗಳಲ್ಲಿ ಹೆಚ್ಚು ಬಳಸಿದ ಪಾಲಿಥಯೋಫೀನ್ ಜಾತಿಯ ಪಾಲಿಮರಿನಲ್ಲಿ ಆವೇಶದ ಚಲನೆಗಿಂತ ಸಿಲಿಕಾನ್ ಹರಳಿನ ಎಲೆಕ್ಟ್ರಾನಿನ ಚಲನೆ ಸುಮಾರು ಒಂದು ಕೋಟಿ ಪಟ್ಟು ಚುರುಕು.

ಹೀಗಿದ್ದ ಮೇಲೆ ಅದಕ್ಕೆ ಅರೆವಾಹಕದ ಕಣ ಸೇರಿಸುವ ಆಸೆ ಸಹಜ. ಪಾಲಿಮರ್ ಬಳಿಯಲು, ಬಾಗಿಸಲು, ಶಾಯಿಯಂತೆ ಅಚ್ಚೊತ್ತಲು ಸುಲಭ. ಹರಳಿನ ಕಣದೊಳಗೆ ಎಲೆಕ್ಟ್ರಾನು ಚುರುಕು. ಪಾಲಿಮರ್ ಧನ ಆವೇಶವನ್ನು ಹೊರಲಿ, ಕಣ ಎಲೆಕ್ಟ್ರಾನನ್ನು ಹೊರಲಿ, ಎರಡರ ಒಳ್ಳೆಯದೂ ಒಂದೇ ಕಡೆ ಸಿಗಲಿ ಎಂಬುದು ಲೆಕ್ಕ. ಕಾಗದದ ಮೇಲೆ ಸರಿಯಾಗಿಯೇ ಇದೆ. ಬೀಕರಿಗೆ ಬಂದಾಗ ಎರಡು ತೊಡಕು ಎದುರಾಗುತ್ತವೆ.

ಮೊದಲನೆಯದು ಎಣಿಕೆಯದು. ಹಳ್ಳದಲ್ಲಿ ನಾಲ್ಕೇ ನಾಲ್ಕು ಕಲ್ಲಿದ್ದರೆ ದಡದಿಂದ ದಡಕ್ಕೆ ದಾರಿ ಆಗುವುದಿಲ್ಲ. ಕಲ್ಲು ಹೆಚ್ಚುತ್ತ ಹೋದಂತೆ ಒಂದು ಹಂತದಲ್ಲಿ ಇದ್ದಕ್ಕಿದ್ದಂತೆ ದಾರಿ ಕೂಡಿಕೊಳ್ಳುತ್ತದೆ. ಬ್ರಾಡ್‌ಬೆಂಟ್ ಮತ್ತು ಹ್ಯಾಮರ್‌ಸ್ಲಿ ಎಂಬ ಗಣಿತಜ್ಞರು 1957ರಲ್ಲಿ ಈ ಬಗೆಯ ಲೆಕ್ಕಕ್ಕೆ ಅಡಿಪಾಯ ಹಾಕಿದರು. ಮೂರು ಆಯಾಮದಲ್ಲಿ ದುಂಡನೆಯ ಕಣಗಳನ್ನು ಮನಬಂದಂತೆ ಬೆರೆಸಿದರೆ, ಒಟ್ಟು ಗಾತ್ರದ ಸುಮಾರು ಶೇಕಡಾ 16ರಷ್ಟು ಆದಾಗ ಕಣಗಳ ಸಾಲು ಒಂದು ತುದಿಯಿಂದ ಇನ್ನೊಂದು ತುದಿಗೆ ಮುಟ್ಟುತ್ತದೆ ಎಂದು ಮುಂದೆ ಗೊತ್ತಾಯಿತು.

ಗಾತ್ರದ 16 ಅಂದೆ, ತೂಕದ ಅನ್ನಲಿಲ್ಲ. ಇಲ್ಲಿ ನನ್ನದೊಂದು ತಕರಾರಿದೆ. ಕಲಬುರಗಿಯೇ ಅಲ್ಲ, ದೇಶದ ತುಂಬ ಇಂಥ ಬೆರಕೆಗಳ ಮೇಲೆ ಬರುವ ಪ್ರಬಂಧಗಳು ಬಹುತೇಕ ತೂಕದ ಲೆಕ್ಕದಲ್ಲೇ ಮಾತಾಡುತ್ತವೆ: ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು. ತಕ್ಕಡಿಯಲ್ಲಿ ತೂಗುವುದು ಸುಲಭ, ಸರಿ. ಆದರೆ ಟಂಗ್‌ಸ್ಟನ್ ಆಕ್ಸೈಡ್ ನೀರಿಗಿಂತ ಏಳು ಪಟ್ಟು ಭಾರ, ಪಾಲಿಅನಿಲಿನ್ ಒಂದೂಕಾಲು ಪಟ್ಟಿಗಿಂತ ತುಸು ಹೆಚ್ಚು. ಲೆಕ್ಕ ಹಾಕಿ ನೋಡಿ: ತೂಕದಲ್ಲಿ ಅರ್ಧಕ್ಕರ್ಧ ಟಂಗ್‌ಸ್ಟನ್ ಆಕ್ಸೈಡ್ ಹಾಕಿದರೂ ಅದು ಹಿಡಿಯುವ ಜಾಗ ಶೇಕಡಾ 15ರ ಆಸುಪಾಸು. ಆ ದಾರಿ ಕೂಡಿಕೊಳ್ಳುವ ಹೊಸ್ತಿಲ ಹತ್ತಿರಕ್ಕೆ ಈಗಷ್ಟೇ ಬಂದಂತಾಯಿತು. ಇಪ್ಪತ್ತು ಪರ್ಸೆಂಟು ಹಾಕಿದಾಗಲಂತೂ ಜಾಗದಲ್ಲಿ ಅದರ ಪಾಲು ನಾಲ್ಕು ಚಿಲ್ಲರೆ. ಆಗ ಕಣಗಳು ಪಾಲಿಮರಿನ ಸಾಗರದಲ್ಲಿ ಒಂಟಿ ದ್ವೀಪಗಳು. ಕರೆಂಟನ್ನು ಅವು ಹೊರುತ್ತಿಲ್ಲ, ಪಾಲಿಮರೇ ಹೊರುತ್ತಿದೆ. ಹಾರುಬೂದಿ ಹಗುರ, ಹೀಗಾಗಿ ಅದೇ ಅರ್ಧ ತೂಕಕ್ಕೆ ಜಾಗದ ಮೂರನೆಯ ಒಂದಂಶಕ್ಕಿಂತ ಹೆಚ್ಚು ಹಿಡಿಯುತ್ತದೆ. ಎರಡು ಬೆರಕೆಗಳ ಗ್ರಾಫನ್ನು ತೂಕದ ಮೇಲೆ ಅಕ್ಕಪಕ್ಕ ಇಟ್ಟು ಹೋಲಿಸಿದರೆ ಹಾದಿ ತಪ್ಪುತ್ತೇವೆ. ತೂಕದಿಂದ ಗಾತ್ರಕ್ಕೆ ಬದಲಿಸಲು ಎರಡು ಸಾಲಿನ ಲೆಕ್ಕ ಸಾಕು, ಆದರೂ ಯಾಕೋ ಮಾಡುವುದಿಲ್ಲ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮ. ಅದಕ್ಕೆ ನ್ಯಾನೋ ಕಣದ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮ ತಲೆಗೂದಲಿನ ದಪ್ಪ ಎಂಬತ್ತು ಸಾವಿರ ನ್ಯಾನೋಮೀಟರ್ ಆಸುಪಾಸು ಎಂದಿಟ್ಟುಕೊಂಡರೆ ಕ್ಯಾಡ್ಮಿಯಂ ಸೆಲೆನೈಡ್ ಎಂಬ ಅರೆವಾಹಕದ ಒಂದು ಕಣ ಎರಡರಿಂದ ಆರು ನ್ಯಾನೋಮೀಟರ್. ಅಷ್ಟು ಸಣ್ಣದಾದಾಗ ಎಲೆಕ್ಟ್ರಾನಿಗೆ ಒಳಗೆ ಜಾಗ ಸಾಲದೆ ಅದರ ಶಕ್ತಿಮಟ್ಟಗಳೇ ಬದಲಾಗುತ್ತವೆ. ಅದೇ ವಸ್ತು, ಕಣ ದೊಡ್ಡದಿದ್ದರೆ ಕೆಂಪು ಬೆಳಕು ಸೂಸುತ್ತದೆ, ಚಿಕ್ಕದಾದಂತೆ ಹಳದಿ, ಹಸಿರು, ನೀಲಿಯ ಕಡೆ ಸರಿಯುತ್ತದೆ. ಇದನ್ನು ಗಾಜಿನಲ್ಲಿ ಕಂಡ ಅಲೆಕ್ಸಿ ಎಕಿಮೊವ್, ದ್ರಾವಣದಲ್ಲಿ ಕಂಡ ಲೂಯಿ ಬ್ರೂಸ್, ಒಂದೇ ಅಳತೆಯ ಕಣಗಳನ್ನು ಬೆಳೆಸುವ ವಿಧಾನ ಹುಡುಕಿದ ಮೌಂಗಿ ಬವೆಂಡಿ ಮೂವರಿಗೂ 2023ರ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ಇಂಥ ಕಣಗಳು ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟದಿರಲೆಂದು ಅವುಗಳ ಮೈಗೆ ಎಣ್ಣೆಯಂಥ ಉದ್ದ ಬಾಲದ ಅಣುಗಳ ಹೊದಿಕೆ ಇರುತ್ತದೆ. ಹೊದಿಕೆ ಇಲ್ಲದೆ ಕಣ ಬೆಳೆಸಲಿಕ್ಕೇ ಆಗದು, ದ್ರಾವಣದಲ್ಲಿ ಉಳಿಯಲಿಕ್ಕೂ ಆಗದು. ಅದರ ದಪ್ಪ ಒಂದು ನ್ಯಾನೋಮೀಟರಿಗಿಂತ ತುಸು ಹೆಚ್ಚು ಅಷ್ಟೆ. ಆದರೆ ಎಲೆಕ್ಟ್ರಾನನ್ನು ತಡೆಯಲು ಅಷ್ಟೇ ಸಾಕು.

1996ರಲ್ಲಿ ನೀಲ್ ಗ್ರೀನ್‌ಹ್ಯಾಮ್, ಪೆಂಗ್ ಮತ್ತು ಪಾಲ್ ಅಲಿವಿಸಾಟೋಸ್ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮಾಡಿದ ಪ್ರಯೋಗ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಅವರು ಬೆಳಕು ಸೂಸುವ ಒಂದು ಪಾಲಿಮರಿಗೆ ಕ್ಯಾಡ್ಮಿಯಂ ಸೆಲೆನೈಡ್ ಮತ್ತು ಕ್ಯಾಡ್ಮಿಯಂ ಸಲ್ಫೈಡ್ ಕಣಗಳನ್ನು ಬೆರೆಸಿದರು. ಬೆಳಕು ಬಿದ್ದಾಗ ಪಾಲಿಮರಿನಲ್ಲಿ ಎಲೆಕ್ಟ್ರಾನೂ ಅದು ಬಿಟ್ಟ ರಂಧ್ರವೂ, ಅಂದರೆ ಧನ ಆವೇಶವೂ, ಜೊತೆಜೊತೆಯಾಗಿ ಹುಟ್ಟುತ್ತವೆ. ಪಾಲಿಮರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಬರೀ ಮೂರರ ಸುಮಾರು, ಸಿಲಿಕಾನಿನದು ಹನ್ನೆರಡರ ಸುಮಾರು. ಸ್ಥಿರಾಂಕ ಕಡಿಮೆ ಇದ್ದಷ್ಟೂ ಧನ ಮತ್ತು ಋಣ ಆವೇಶಗಳ ನಡುವಿನ ಸೆಳೆತ ಬಿಗಿ. ಕೋಣೆಯ ಶಾಖ ಕೊಡಬಲ್ಲ ಶಕ್ತಿಗಿಂತ ಹತ್ತು ಪಟ್ಟಿಗೂ ಮೇಲೆ ಬೇಕು ಈ ಜೋಡಿ ಬಿಡಿಸಲು. ಅವು ಹತ್ತು ನ್ಯಾನೋಮೀಟರಿನಷ್ಟು ಅಲೆಯುವುದರೊಳಗೆ ಕಣದ ಗಡಿ ಸಿಕ್ಕರೆ ಎಲೆಕ್ಟ್ರಾನು ಅತ್ತ ದಾಟಿ ಜೋಡಿ ಬಿಡುತ್ತದೆ, ಕರೆಂಟು ಹುಟ್ಟುತ್ತದೆ. ಸಿಗದಿದ್ದರೆ ಎರಡೂ ಮತ್ತೆ ಕೂಡಿ, ಶಕ್ತಿ ಬೆಳಕಾಗಿಯೋ ಶಾಖವಾಗಿಯೋ ಹೋಗಿಬಿಡುತ್ತದೆ. ಪಾಲಿಮರ್ ಸೂಸುವ ಬೆಳಕು ಆರಿತೆಂದರೆ ಎಲೆಕ್ಟ್ರಾನು ದಾಟಿದೆ ಎಂದು ತಿಳಿಯಬಹುದು. ಹೊದಿಕೆ ಇರುವ ಕಣಗಳನ್ನು ಬೆರೆಸಿದಾಗ ಎಲೆಕ್ಟ್ರಾನು ದಾಟಲಿಲ್ಲ. ಪಿರಿಡಿನ್ ಎಂಬ ದ್ರವದಿಂದ ಹೊದಿಕೆ ತೆಗೆದು ಬೆರೆಸಿದಾಗ ಬೆಳಕು ಆರಿತು, ಕರೆಂಟು ಬಂತು. ಅದೇ ಪಾಲಿಮರ್, ಅದೇ ಕಣ. ನಡುವಿನ ಒಂದು ನ್ಯಾನೋಮೀಟರ್ ಮಾತ್ರ ಬೇರೆ.

ನನಗೆ ಈ ಇಡೀ ಕ್ಷೇತ್ರದ ತಿರುಳು ಅಲ್ಲಿದೆ ಅನ್ನಿಸುತ್ತದೆ. ಒಳ್ಳೆಯ ಪಾಲಿಮರ್ ಯಾವುದು, ಒಳ್ಳೆಯ ಆಕ್ಸೈಡ್ ಯಾವುದು ಎಂದು ಹುಡುಕುವುದರಲ್ಲಿ ಜನ ವರ್ಷಗಟ್ಟಲೆ ಕಳೆದಿದ್ದಾರೆ. ಆವೇಶದ ಹಣೆಬರಹ ತೀರ್ಮಾನವಾಗುವುದು ಎರಡರ ಗಡಿಯಲ್ಲಿ. ಐದು ನ್ಯಾನೋಮೀಟರಿನ ಕಣವೊಂದರಲ್ಲಿ ಪರಮಾಣುಗಳ ದೊಡ್ಡ ಪಾಲೇ ಮೈಮೇಲೆ ಇರುತ್ತದೆ, ಹೀಗಾಗಿ ಅಲ್ಲಿ ಗಡಿ ಅಂದರೆ ಅಂಚಿನ ವಿಷಯವಲ್ಲ, ವಸ್ತುವಿನ ದೊಡ್ಡ ಭಾಗವೇ ಅದು.

ಬರ್ಕ್ಲಿಯ ಆ ಪ್ರಯೋಗದ ಮೂರು ವರ್ಷಕ್ಕೆ, 1999ರಲ್ಲಿ, ಬೆಂಗಳೂರಿನ ಜಕ್ಕೂರಿನಲ್ಲೂ ಇದೇ ಕೆಲಸ ನಡೆಯಿತು. ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೆ. ಎಸ್. ನಾರಾಯಣ್ ಅವರ ತಂಡ, ಭಾರತೀಯ ವಿಜ್ಞಾನ ಸಂಸ್ಥೆಯ ಡಿ. ಡಿ. ಶರ್ಮಾ ಅವರ ಬಳಗದ ಜೊತೆ ಸೇರಿ, ಪಾಲಿಮರ್ ಮತ್ತು ನ್ಯಾನೋ ಕಣ ಕೂಡಿದ ಒಂದು ಸಾಧನ ಮಾಡಿ 'ಅಪ್ಲೈಡ್ ಫಿಸಿಕ್ಸ್ ಲೆಟರ್ಸ್'ನಲ್ಲಿ ಪ್ರಕಟಿಸಿತು. ಒಂದೇ ಸಾಧನ ಬೆಳಕನ್ನು ಕೊಡಲೂ ಬಲ್ಲದು, ಬಿದ್ದ ಬೆಳಕನ್ನು ಗುರುತಿಸಲೂ ಬಲ್ಲದು. ಅದೇ ವರ್ಷ ನಾರಾಯಣ್ ಮತ್ತು ಅವರ ವಿದ್ಯಾರ್ಥಿ, ಗೋಡೆಯ ಬಿಳಿ ಪೇಂಟಿನಲ್ಲಿ ಹಾಕುವ ಟೈಟೇನಿಯಂ ಡೈಆಕ್ಸೈಡನ್ನೇ ನ್ಯಾನೋ ಗಾತ್ರದಲ್ಲಿ ಪಾಲಿಮರಿನೊಳಗೆ ಚೆದುರಿಸಿ ಬೆಳಕು ಗುರುತಿಸುವ ಸಾಧನ ಮಾಡಿದರು. ಜಗತ್ತು ಓಡುತ್ತಿದ್ದ ವೇಗದಲ್ಲೇ ಕರ್ನಾಟಕವೂ ಓಡುತ್ತಿತ್ತು ಎನ್ನಲು ಇದನ್ನು ಹೇಳಿದೆ.

ಆಮೇಲಿನ ಕತೆ ಬೇಗ ಮುಗಿಸುತ್ತೇನೆ. 2002ರಲ್ಲಿ ಅಲಿವಿಸಾಟೋಸ್ ತಂಡ ದುಂಡು ಕಣದ ಬದಲು ಏಳು ನ್ಯಾನೋಮೀಟರ್ ದಪ್ಪ, ಅರವತ್ತು ನ್ಯಾನೋಮೀಟರ್ ಉದ್ದದ ಕಡ್ಡಿಗಳನ್ನು ಪಾಲಿಮರಿಗೆ ಬೆರೆಸಿತು. ಕಡ್ಡಿ ಉದ್ದ ಇದ್ದಷ್ಟೂ ಜಿಗಿತ ಕಡಿಮೆ. ಆ ಸೌರಕೋಶ ಬಿಸಿಲಿನ ಶಕ್ತಿಯ ಶೇಕಡಾ 1.7ರಷ್ಟನ್ನು ಕರೆಂಟು ಮಾಡಿತು. ಆಗ ಅದು ದೊಡ್ಡ ಸುದ್ದಿ. ಇವತ್ತು ನಿಮ್ಮ ಮನೆಯ ಮಾಳಿಗೆ ಮೇಲಿನ ಸಿಲಿಕಾನ್ ಪ್ಯಾನೆಲ್ ಇಪ್ಪತ್ತರ ಮೇಲೆ ಕೊಡುತ್ತದೆ, ಬೆಲೆಯೂ ಬಿದ್ದುಹೋಗಿದೆ. ಪಾಲಿಮರ್ ಮತ್ತು ಹರಳುಕಣದ ಬೆರಕೆ ಸೌರಕೋಶ ಆ ಪೈಪೋಟಿಯಲ್ಲಿ ಸೋತಿತು ಎಂದೇ ಹೇಳಬೇಕು. ಬಿಸಿಲು ಧಾರಾಳವಾಗಿರುವ ನಮ್ಮ ಸೀಮೆಗೆ ಅದೇ ಉತ್ತರವಾಗುತ್ತದೆ ಎಂದು ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ.

ಬೆಳಕು ಕೊಡುವ ಕಡೆ ಮಾತ್ರ ಪಾಲಿಮರ್ ಮತ್ತು ಕಣದ ಈ ಜೋಡಿಗೆ ಭರವಸೆ ಉಳಿಯಿತು. ಇಂಥ ಅರೆವಾಹಕ ಕಣಗಳಿಗೆ ಕ್ವಾಂಟಮ್ ಡಾಟ್ ಎಂದೂ ಹೆಸರು. ಕ್ವಾಂಟಮ್ ಡಾಟ್ ಎಲ್‌ಇಡಿ ಎಂಬ ಪರದೆಯಲ್ಲಿ ಒಂದು ಬದಿಯಿಂದ ಪಾಲಿಮರಿನ ಪದರ ರಂಧ್ರಗಳನ್ನು ತರುತ್ತದೆ, ಇನ್ನೊಂದು ಬದಿಯಿಂದ ಸತು ಆಕ್ಸೈಡಿನ ನ್ಯಾನೋ ಕಣಗಳ ಪದರ ಎಲೆಕ್ಟ್ರಾನುಗಳನ್ನು ತರುತ್ತದೆ, ನಡುವಿನ ಕಣಗಳಲ್ಲಿ ಎರಡೂ ಕೂಡಿ ಬೆಳಕಾಗುತ್ತವೆ. ಇಲ್ಲೂ ತಕ್ಕಡಿ ಸಮ ಇರಬೇಕು. ಎಲೆಕ್ಟ್ರಾನುಗಳು ಮೊದಲೇ ಬಂದು ಗುಂಪು ಕಟ್ಟಿದರೆ ಬೆಳಕಿನ ಬದಲು ಶಾಖ ಹುಟ್ಟಿ ಪದರ ಕೆಡುತ್ತದೆ. ಕ್ಯಾಡ್ಮಿಯಂ ವಿಷ, ಯುರೋಪಿನಲ್ಲಿ ಉಪಕರಣಗಳಲ್ಲಿ ಅದರ ಬಳಕೆಗೆ ಕಟ್ಟುನಿಟ್ಟಿನ ಮಿತಿ ಇದೆ. ಹೀಗಾಗಿ ಇಂಡಿಯಂ ಫಾಸ್ಫೈಡ್ ಕಣಗಳ ಕಡೆ ತಯಾರಕರು ವಾಲಿದ್ದಾರೆ.

ಇನ್ನು ತೇವದ ಮಾತು. ಕಲಬುರಗಿ ಸೀಮೆಯ ನಮ್ಮ ಶರಣಸಿರಸಗಿ ಎರೆಮಣ್ಣಿನ ಊರು, ತೊಗರಿಯ ಊರು. ಜನವರಿ, ಫೆಬ್ರುವರಿಯಲ್ಲಿ ತೊಗರಿ ರಾಶಿ ಮುಗಿದು ಖರೀದಿ ಕೇಂದ್ರಕ್ಕೆ ಚೀಲ ಹೋದಾಗ ಮೊದಲು ನೋಡುವುದು ತೇವಾಂಶ. ಶೇಕಡಾ 12 ಮೀರಬಾರದು. ನಮ್ಮ ಹಿರಿಯರು ಕಾಳು ಕಡಿದು, ಕಟ್ ಎಂದು ಒಡೆದರೆ ಒಣಗಿದೆ ಎನ್ನುತ್ತಿದ್ದರು. ಈಗ ಒಂದು ಡಬ್ಬಿಯಂಥ ಯಂತ್ರಕ್ಕೆ ಬೊಗಸೆ ಕಾಳು ಸುರಿದರೆ ಅಂಕಿ ಬರುತ್ತದೆ. ಊರಿನ ಒಬ್ಬ ಹಿರಿಯರು ನನ್ನನ್ನು ತಡೆದು ಕೇಳಿದ್ದುಂಟು: "ಮಾಸ್ತರ್ರ, ಒಂದ್ ಕಾಳೂ ಕಡೀಲಾರ್ದ ಅದಕ್ಕ ಹ್ಯಾಂಗ ತಿಳೀತದರಿ?"

"ಕಾಕಾ, ನೀರಿನ ಗುಣ ಅದು ಬಲ್ಲದ್ರಿ" ಅಂದೆ. ಒಣಕಾಳಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಮೂರೋ ನಾಲ್ಕೋ, ನೀರಿನದು ಎಂಬತ್ತು. ಕಾಳಿನೊಳಗೆ ಸ್ವಲ್ಪ ನೀರು ಹೆಚ್ಚಿದ್ದರೂ ಎರಡು ಲೋಹದ ತಗಡಿನ ನಡುವಿನ ಧಾರಕತೆ, ಅಂದರೆ ಆವೇಶ ಹಿಡಿದಿಡುವ ಶಕ್ತಿ, ಏರುತ್ತದೆ. ಯಂತ್ರ ಅದನ್ನು ಅಂಕಿಯಾಗಿ ತೋರಿಸುತ್ತದೆ.

ಕಲಬುರಗಿಯ ಟಂಗ್‌ಸ್ಟನ್ ಆಕ್ಸೈಡ್ ಬಿಲ್ಲೆಯ ದಾರಿ ಬೇರೆ. ಅದು ಕಾಳನ್ನಲ್ಲ, ಸುತ್ತಲಿನ ಗಾಳಿಯ ತೇವವನ್ನು ಓದುತ್ತದೆ. ನೀರಿನ ಅಣುಗಳು ಪಾಲಿಅನಿಲಿನ್ ಸರಪಳಿಗೆ ಅಂಟಿದಾಗ ಪ್ರೋಟಾನುಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುಲಭವಾಗಿ ದಾಟುತ್ತವೆ, ಮುದುಡಿದ್ದ ಸರಪಳಿ ತುಸು ಬಿಚ್ಚಿಕೊಳ್ಳುತ್ತದೆ, ಜಿಗಿತ ಸಲೀಸಾಗುತ್ತದೆ, ರೋಧ ಇಳಿಯುತ್ತದೆ. ಆಕ್ಸೈಡಿನ ಮೈ ನೀರನ್ನು ಹಿಡಿದಿಡುವ ತಾಣಗಳನ್ನು ಹೆಚ್ಚಿಸುತ್ತದೆ. ಇಲ್ಲಿ ಗಡಿಯ ಒರಟುತನ, ಸಣ್ಣಸಣ್ಣ ತೂತುಗಳು ಎಲ್ಲವೂ ಕೆಲಸಕ್ಕೆ ಬರುತ್ತವೆ. ಸೌರಕೋಶದಲ್ಲಿ ತೊಡಕಾಗಿದ್ದದ್ದು ಇಲ್ಲಿ ಬಂಡವಾಳ. ಗೋದಾಮಿನಲ್ಲಿ ಚೀಲಗಳ ನಡುವಿನ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 65, 70 ದಾಟಿತೆಂದರೆ ಬೂಷ್ಟು ಹಿಡಿಯುವ ಭಯ. ಅಂಥಲ್ಲಿ ಅಗ್ಗದ, ಒಂದೊಂದು ಚೀಲದ ಎತ್ತರಕ್ಕೆ ಒಂದರಂತೆ ನೇತುಹಾಕಬಹುದಾದ ತೇವಸೂಚಿ ಇದ್ದರೆ ಯಾರು ಬೇಡ ಅಂದಾರು?

ಅಡ್ಡಿ ಎಲ್ಲಿದೆ ಅಂದರೆ, ಇಂಥ ಬಿಲ್ಲೆಗಳ ನೆನಪು ಗಟ್ಟಿ. ಒಣಗಾಳಿಯಿಂದ ತೇವದ ಕಡೆ ಹೋಗುವಾಗ ತೋರಿಸುವ ರೋಧವೇ ಒಂದು, ತೇವದಿಂದ ಒಣಗಾಳಿಗೆ ಬರುವಾಗ ಅದೇ ಆರ್ದ್ರತೆಯಲ್ಲಿ ತೋರಿಸುವುದೇ ಇನ್ನೊಂದು. ಒಳಗೆ ಹೊಕ್ಕ ನೀರು ಕೂಡಲೇ ಹೊರಬರುವುದಿಲ್ಲ. ಜೊತೆಗೆ ವಯಸ್ಸು: ಹೈಡ್ರೋಕ್ಲೋರಿಕ್ ಆಮ್ಲ ಕಾಲಕ್ರಮೇಣ ಹಾರಿಹೋಗುತ್ತದೆ, ಬಿಸಿಯಲ್ಲಿ ಇನ್ನೂ ಬೇಗ, ಹಸಿರು ಮಾಸುತ್ತದೆ. ಹಾರಿಹೋಗದ ದೊಡ್ಡ ಸಾವಯವ ಆಮ್ಲಗಳನ್ನು ಸರಪಳಿಗೆ ಕೂರಿಸಿದರೆ ಇದು ತಗ್ಗುತ್ತದೆ. ಕ್ಯಾಂಫರ್ ಸಲ್ಫೋನಿಕ್ ಆಮ್ಲ ಅಂಥದ್ದೊಂದು.

ಪ್ರಬಂಧಗಳು ಬಹಳ ಬಂದಿವೆ. ಒಂದು ಆಕ್ಸೈಡ್ ಮುಗಿದರೆ ಇನ್ನೊಂದು, ಅದೇ ಬೀಕರ್, ಅದೇ ಐದು ಪ್ರಮಾಣ, ಅದೇ ಗ್ರಾಫ್. ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಕೈಪಳಗಲು ಅದು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಐಸಿನ ಬೀಕರಿನಿಂದ ಹಿಡಿದು ಜಗತ್ತಿನ ಪತ್ರಿಕೆಯವರೆಗೆ ನಮ್ಮ ಸೇಡಂ ರಸ್ತೆಯ ಜ್ಞಾನಗಂಗೆ ವಿಶ್ವವಿದ್ಯಾಲಯ ಆವರಣದಿಂದ ದಾರಿ ಆದದ್ದು ಸಣ್ಣ ಮಾತಲ್ಲ. ಈಗ ಬೇಕಿರುವುದು ಹೊಸ ಆಕ್ಸೈಡ್ ಅಲ್ಲ. ಇರುವ ಒಂದನ್ನೇ ಹಿಡಿದು, ಅದರ ಕಣಕ್ಕೂ ಪಾಲಿಮರಿಗೂ ನಡುವೆ ಯಾವ ಅಣು ಕೂತಿದೆ ಎಂದು ನೋಡಬೇಕು. ಅದನ್ನು ಬದಲಿಸಿದರೆ ಹೋಗುವ ದಾರಿ, ಬರುವ ದಾರಿಯ ಅಂತರ ಕಡಿಮೆಯಾಗುತ್ತದೆಯೇ ಎಂದು ಅಳೆಯಬೇಕು. ಪ್ರಮಾಣವನ್ನು ಗಾತ್ರದಲ್ಲಿ ಬರೆಯಬೇಕು. ಒಂದೇ ದಿನ ಒತ್ತಿದ ಬಿಲ್ಲೆಗಳನ್ನು ಕಲಬುರಗಿಯ ಮೇ ತಿಂಗಳ ಒಣಗಾಳಿಯಿಂದ ಆಗಸ್ಟಿನ ಮಳೆಯವರೆಗೆ ಎ.ಸಿ. ಇಲ್ಲದ ಒಂದು ಸಾದಾ ಕೋಣೆಯಲ್ಲಿಟ್ಟು, ಪಕ್ಕದಲ್ಲಿ ಮಾರುಕಟ್ಟೆಯ ಒಂದು ಒಳ್ಳೆಯ ಆರ್ದ್ರತಾ ಮಾಪಕ ಇಟ್ಟು, ವಾರಕ್ಕೊಮ್ಮೆ ಎರಡರ ಅಂಕಿಯನ್ನೂ ಬರೆದಿಡಬೇಕು. ಇದಕ್ಕೆ ಹೊಸ ಯಂತ್ರದ ಖರ್ಚಿಲ್ಲ. ಬಿಲ್ಲೆಯ ರೋಧ ಅಳೆಯಲು ಇರುವ ಎಲ್‌ಸಿಆರ್ ಮೀಟರೇ ಸಾಕು, ಬೇಕಾದದ್ದು ನಾಲ್ಕು ತಿಂಗಳು ಬಿಡದೆ ಬರೆಯುವ ಒಬ್ಬ ವಿದ್ಯಾರ್ಥಿ.